ಎಂಟನೆಯ ವಚನದಲ್ಲಿ ನಿಂತ ಸುವಾರ್ತೆ

2024ರ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ಜಾಗರಣೆಯ ರಾತ್ರಿ, ಹಳೆಯ ಸ್ನೇಹಿತರೊಬ್ಬರು ಕರೆದರೆಂದು, ಮೈಸೂರಿಗೆ ಸಮೀಪದ ಅವರ ಊರಿನ ಚರ್ಚಿಗೆ ಹೋಗಿದ್ದೆ. ನಾನು ಕ್ರೈಸ್ತನಲ್ಲ. ಕಾಲೇಜಿನಲ್ಲಿ ಹಳಗನ್ನಡವನ್ನೂ ಗ್ರಂಥಸಂಪಾದನಾಶಾಸ್ತ್ರವನ್ನೂ ಪಾಠ ಮಾಡಿ ನಿವೃತ್ತನಾದೆ. ಒಂದೇ ಗ್ರಂಥದ ಬೇರೆ ಬೇರೆ ಪ್ರತಿಗಳಲ್ಲಿ ಕಾಣುವ ಪಾಠಾಂತರಗಳ ಗೀಳು ಮಾತ್ರ ನಿವೃತ್ತವಾಗಲಿಲ್ಲವಾಗಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕನ್ನು ತಡವರಿಸಿ ಓದುವಷ್ಟು ಕಲಿತೆ. ಆ ರಾತ್ರಿ ದೀಪಗಳನ್ನೆಲ್ಲ ಆರಿಸಿದ ಕತ್ತಲೆಯಲ್ಲಿ ಒಂದು ದೊಡ್ಡ ಮೇಣದ ಬತ್ತಿಯಿಂದ ನೂರಾರು ಸಣ್ಣ ಬತ್ತಿಗಳು ಹೊತ್ತಿಕೊಂಡವು, ಹಳೆಯ ಒಡಂಬಡಿಕೆಯ ದೀರ್ಘ ಪಾಠಗಳು ಮುಗಿದವು, ಕೊನೆಗೆ ಸುವಾರ್ತೆಯ ವಾಚನಕ್ಕೆಂದು ಎಲ್ಲರೂ ಎದ್ದು ನಿಂತರು. ಕಥೋಲಿಕರ ಪಾಠಾವಳಿ ಮೂರು ವರ್ಷಗಳ ಸರದಿಯಲ್ಲಿ ತಿರುಗುತ್ತದೆ. ಆ ವರ್ಷದ್ದು, ಯೇಸುವಿನ ಚರಿತ್ರೆಯನ್ನು ಸುವಾರ್ತೆಗಳಾಗಿ ಬರೆದ ನಾಲ್ವರಲ್ಲಿ ಒಬ್ಬನಾದ ಮಾರ್ಕನ ಸರದಿ. ಯೆಹೂದ್ಯರ ವಿಶ್ರಾಂತಿಯ ದಿನವಾದ ಸಬ್ಬತ್ ಕಳೆದ ಮೇಲೆ ಮಗ್ದಲದ ಮರಿಯಳೂ ಯಾಕೋಬನ ತಾಯಿ ಮರಿಯಳೂ ಸಲೋಮೆಯೂ ಯೇಸುವಿನ ದೇಹಕ್ಕೆ ಹಚ್ಚಲು ಸುಗಂಧದ್ರವ್ಯವನ್ನು ಕೊಂಡು ತಂದದ್ದು, ಬಾಗಿಲಿನ ಬಂಡೆಯನ್ನು ಉರುಳಿಸುವವರು ಯಾರೆಂದು ದಾರಿಯುದ್ದಕ್ಕೂ ಚಿಂತಿಸಿದ್ದು, ಹೋಗಿ ನೋಡಿದರೆ ಬಂಡೆ ಆಗಲೇ ಪಕ್ಕಕ್ಕೆ ಸರಿದಿದ್ದುದು, ಒಳಗೆ ಬಿಳಿಯ ನಿಲುವಂಗಿ ತೊಟ್ಟ ಯುವಕನೊಬ್ಬ ಕುಳಿತಿದ್ದುದು, ಎಲ್ಲವನ್ನೂ ಗುರುಗಳು ನಿಧಾನವಾಗಿ ಓದಿದರು. "ಆತ ಇಲ್ಲಿಲ್ಲ, ಎದ್ದಿದ್ದಾನೆ; ನೀವು ಹೋಗಿ ಆತನ ಶಿಷ್ಯರಿಗೂ ಪೇತ್ರನಿಗೂ ಹೇಳಿ, ಆತ ನಿಮಗಿಂತ ಮುಂದಾಗಿ ಗಲಿಲಾಯಕ್ಕೆ ಹೋಗುತ್ತಾನೆ, ಅಲ್ಲಿ ನೀವು ಆತನನ್ನು ಕಾಣುವಿರಿ" ಎಂಬ ಯುವಕನ ಮಾತಿನೊಂದಿಗೆ ವಾಚನ ಮುಗಿಯಿತು. ಅದು ಹದಿನಾರನೆಯ ಅಧ್ಯಾಯದ ಏಳನೆಯ ವಚನ.

ನನ್ನ ಬೆರಳು ಎಂಟನೆಯದರ ಮೇಲಿತ್ತು. ಅದನ್ನು ಓದಲಿಲ್ಲ.

ಎಂಟನೆಯ ವಚನದಲ್ಲಿ ಇರುವುದು ಇಷ್ಟು: ಆ ಹೆಂಗಸರು ಹೊರಗೆ ಬಂದು ಸಮಾಧಿಯ ಬಳಿಯಿಂದ ಓಡಿಹೋದರು, ನಡುಕವೂ ದಿಗ್ಭ್ರಮೆಯೂ ಅವರನ್ನು ಹಿಡಿದಿದ್ದವು, ಯಾರಿಗೂ ಏನೂ ಹೇಳಲಿಲ್ಲ, ಏಕೆಂದರೆ ಅವರು ಹೆದರಿದ್ದರು. ಹಬ್ಬದ ರಾತ್ರಿ ಈ ವಾಕ್ಯವನ್ನು ಬಿಟ್ಟದ್ದಕ್ಕೆ ಯಾರನ್ನೂ ದೂರಲಾರೆ. ಹೊಸ ಬೆಳಕಿನ ಹಾಡಿಗೆ ಕಾದು ನಿಂತ ಜನರ ಮುಂದೆ "ಅವರು ಹೆದರಿದ್ದರು" ಎಂದು ಓದಿ ಪುಸ್ತಕ ಮುಚ್ಚುವುದು ಕಷ್ಟದ ಕೆಲಸ. ಆ ಕಷ್ಟ ಈ ಕಾಲದ್ದೂ ಅಲ್ಲ. ಮಾರ್ಕನ ಪುಸ್ತಕ ಕೈಗೆ ಬಂದವರಿಗೆಲ್ಲ ಎರಡನೆಯ ಶತಮಾನದಿಂದಲೂ ಈ ಕೊನೆ ಒಂದು ಮುಳ್ಳಾಗಿ ಚುಚ್ಚಿದೆ, ಮತ್ತು ಅದನ್ನು ಕಿತ್ತು ಹಾಕಲು ಅವರು ಮಾಡಿದ ಪ್ರಯತ್ನಗಳು ಹಸ್ತಪ್ರತಿಗಳಲ್ಲಿ ಹಾಗೆಯೇ ಉಳಿದಿವೆ.

ಕನ್ನಡದ ಸತ್ಯವೇದವನ್ನು ತೆರೆದು ನೋಡಿದವರು ಇದಕ್ಕೆ ಆಕ್ಷೇಪ ಎತ್ತಬಹುದು: ಹದಿನಾರನೆಯ ಅಧ್ಯಾಯ ಎಂಟಕ್ಕೆ ಮುಗಿಯುವುದಿಲ್ಲವಲ್ಲ, ಇಪ್ಪತ್ತರವರೆಗೂ ಇದೆಯಲ್ಲ, ಅಲ್ಲಿ ಯೇಸು ಮಗ್ದಲದ ಮರಿಯಳಿಗೂ ಹಳ್ಳಿಯ ಕಡೆ ನಡೆದುಹೋಗುತ್ತಿದ್ದ ಇಬ್ಬರಿಗೂ ಊಟಕ್ಕೆ ಕುಳಿತ ಹನ್ನೊಂದು ಮಂದಿ ಶಿಷ್ಯರಿಗೂ ಕಾಣಿಸಿಕೊಳ್ಳುತ್ತಾನಲ್ಲ, ಲೋಕಕ್ಕೆಲ್ಲ ಸುವಾರ್ತೆಯನ್ನು ಸಾರಿರಿ ಎಂದು ಹೇಳಿ ಪರಲೋಕಕ್ಕೆ ಏರಿಹೋಗುತ್ತಾನಲ್ಲ ಎಂದು. ಇದೆ. ನನ್ನ ಬಳಿಯ ಪ್ರತಿಯಲ್ಲಿ ಆ ಹನ್ನೆರಡು ವಚನಗಳಿಗೆ ಕಂಸ ಹಾಕಿ, ಪ್ರಾಚೀನ ಪ್ರತಿಗಳಲ್ಲಿ ಇವು ಇಲ್ಲವೆಂಬ ಅರ್ಥದ ಸಣ್ಣ ಟಿಪ್ಪಣಿಯನ್ನು ಪುಟದ ಅಡಿಗೆ ಕೊಟ್ಟಿದ್ದಾರೆ. ಇಂಥ ಕಂಸವನ್ನು ಕಂಡರೆ ಗ್ರಂಥಸಂಪಾದನೆಯ ಮೇಷ್ಟರಿಗೆ ಆಗುವ ಸಂತೋಷವೇ ಬೇರೆ. ನಮ್ಮಲ್ಲಿ ಶರಣರ ವಚನಗಳ ಓಲೆಗರಿ ಕಟ್ಟುಗಳನ್ನು ಪರಿಷ್ಕರಿಸಿದವರು ಪ್ರಕ್ಷೇಪಗಳ, ಎಂದರೆ ಆಮೇಲೆ ಯಾರೋ ಸೇರಿಸಿದ ಭಾಗಗಳ, ಜೊತೆ ಎಷ್ಟು ಗುದ್ದಾಡಿದ್ದಾರೆಂಬುದನ್ನು ಬಲ್ಲವರಿಗೆ ಆ ಕಂಸದ ಹಿಂದೆ ಒಂದು ದೊಡ್ಡ ಕಥೆ ಇರಲೇಬೇಕೆಂದು ಹೇಳಬೇಕಾಗಿಲ್ಲ.

ಬಳ್ಳಾರಿಯಲ್ಲಿ ಕುಳಿತು 19ನೇ ಶತಮಾನದ ಮೊದಲ ದಶಕಗಳಲ್ಲಿ ಬೈಬಲನ್ನು ಕನ್ನಡಕ್ಕೆ ತಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ಕಾಲದಲ್ಲಿ ಆ ಕಥೆಯ ಮುಖ್ಯ ಸಾಕ್ಷಿಗಳು ಇನ್ನೂ ಪೂರ್ತಿ ಬೆಳಕಿಗೆ ಬಂದಿರಲಿಲ್ಲ. ಅಂದು ಪ್ರಚಲಿತವಾಗಿದ್ದ ಗ್ರೀಕ್ ಪಾಠ 1516ರಲ್ಲಿ ಡಚ್ ವಿದ್ವಾಂಸ ಎರಾಸ್ಮಸ್ ಅಚ್ಚು ಹಾಕಿಸಿದ ಪಾಠದ ಸಂತತಿಯದ್ದು; ಅದಕ್ಕೆ ಆಧಾರವಾದದ್ದು ಮಧ್ಯಯುಗದ ತಡವಾದ ಕೆಲವು ಪ್ರತಿಗಳು. ಸಿನಾಯ್ ಪರ್ವತದ ಬುಡದ ಸಂತ ಕ್ಯಾಥರೀನಳ ಮಠದಲ್ಲಿ ಟಿಶೆಂಡಾರ್ಫ್ ಎಂಬ ಜರ್ಮನ್ ವಿದ್ವಾಂಸ ಒಂದು ಮಹಾಪ್ರತಿಯ ಹಾಳೆಗಳನ್ನು ಮೊದಲು ನೋಡಿದ್ದು 1844ರಲ್ಲಿ. ಅದರ ಬಹುಭಾಗ ಆತನ ಕಣ್ಣಿಗೆ ಬಿದ್ದದ್ದು 1859ರಲ್ಲಿ. ಇಂದು ಅದನ್ನು ಸಿನಾಯ್ ಪ್ರತಿ ಎನ್ನುತ್ತಾರೆ. 4ನೇ ಶತಮಾನದ್ದು. ಅದೇ ಶತಮಾನದ ಇನ್ನೊಂದು ಪ್ರತಿ ವ್ಯಾಟಿಕನ್ ಗ್ರಂಥಾಲಯದಲ್ಲಿದೆ. ಎರಡೂ ಮಾರ್ಕನನ್ನು ಎಂಟನೆಯ ವಚನಕ್ಕೆ ನಿಲ್ಲಿಸುತ್ತವೆ.

ನಿಲ್ಲಿಸುತ್ತವೆ ಎಂದರೆ ಸಾಲದು, ಹೇಗೆ ನಿಲ್ಲಿಸುತ್ತವೆ ಎಂಬುದನ್ನು ನೋಡಬೇಕು. ವ್ಯಾಟಿಕನ್ ಪ್ರತಿಯಲ್ಲಿ ಪುಟಕ್ಕೆ ಮೂರು ಅಂಕಣಗಳು. ಒಂದು ಸುವಾರ್ತೆ ಮುಗಿದರೆ ಲಿಪಿಕಾರ ಮುಂದಿನ ಅಂಕಣದ ತಲೆಯಲ್ಲಿಯೇ ಮುಂದಿನದನ್ನು ಆರಂಭಿಸುವುದು ಅಲ್ಲಿನ ಕ್ರಮ. ಮಾರ್ಕ ಎರಡನೆಯ ಅಂಕಣದಲ್ಲಿ ಮುಗಿಯುತ್ತಾನೆ; ಮೂರನೆಯ ಅಂಕಣ ಪೂರ್ತಿ ಖಾಲಿ; ಲೂಕ ಆರಂಭವಾಗುವುದು ಮುಂದಿನ ಪುಟದಲ್ಲಿ. ತೊಗಲಿನ ಹಾಳೆ ದುಬಾರಿಯಾಗಿದ್ದ ಕಾಲದಲ್ಲಿ ಲಿಪಿಕಾರನೊಬ್ಬ ಆ ಜಾಗವನ್ನು ಯಾವ ಲೆಕ್ಕದಲ್ಲಿ ಬಿಟ್ಟ? ಇನ್ನೊಂದಿಷ್ಟು ಇದೆಯೆಂದು ಕೇಳಿ ಬಲ್ಲವನಾಗಿದ್ದು, ತನ್ನ ಮುಂದಿನ ಮಾತೃಪ್ರತಿಯಲ್ಲಿ ಅದು ಇಲ್ಲದ್ದರಿಂದ ಬರೆಯದೆ ಉಳಿದನೇ? ಹಾಗೆಂದು ಊಹಿಸುವವರಿದ್ದಾರೆ. ಸಿನಾಯ್ ಪ್ರತಿಯಲ್ಲೋ, ಮಾರ್ಕನ ಕೊನೆಯೂ ಲೂಕನ ಮೊದಲೂ ಇರುವ ಜೋಡಿಹಾಳೆ ಸುತ್ತಲಿನ ಹಾಳೆಗಳನ್ನು ಬರೆದ ಕೈಯದ್ದಲ್ಲ. ಮೊದಲು ಬರೆದದ್ದನ್ನು ತೆಗೆದುಹಾಕಿ ಬೇರೊಬ್ಬ ಲಿಪಿಕಾರ ಹೊಸದಾಗಿ ಬರೆದು ಸೇರಿಸಿದ್ದು. ತೆಗೆದ ಹಾಳೆಯಲ್ಲಿ ಏನಿತ್ತು ಎಂದು ಕೇಳಲು ಆ ಲಿಪಿಕಾರನಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದುದು ಇದನ್ನೇ: ಪ್ರತಿಯಲ್ಲಿ ಬರೆದಿರುವುದನ್ನು ಓದುವುದು ಅರ್ಧ ಕೆಲಸ, ಬಿಟ್ಟಿರುವ ಜಾಗವನ್ನು ಓದುವುದು ಉಳಿದರ್ಧ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಸಾಕ್ಷಿ ಮೂರನೆಯದು. ಅದೂ ಸಂತ ಕ್ಯಾಥರೀನಳ ಮಠದ್ದೇ. ಅಗ್ನೆಸ್ ಸ್ಮಿತ್ ಲೂಯಿಸ್ ಮತ್ತು ಮಾರ್ಗರೆಟ್ ಡನ್‌ಲಪ್ ಗಿಬ್ಸನ್ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಅವಳಿ ಸೋದರಿಯರು, ಇಬ್ಬರೂ ವಿಧವೆಯರು. ಹೆಂಗಸರಿಗೆ ಪದವಿ ಕೊಡದ ಕೇಂಬ್ರಿಜಿನಲ್ಲಿ ನೆಲಸಿ (ಆ ವಿಶ್ವವಿದ್ಯಾಲಯ ಹೆಂಗಸರಿಗೆ ಪೂರ್ಣ ಪದವಿ ಕೊಟ್ಟದ್ದು 1948ರಲ್ಲಿ) ಪೂರ್ವದೇಶದ ಭಾಷೆಗಳನ್ನು ತಮ್ಮ ಪಾಡಿಗೆ ತಾವು ಕಲಿತರು. 1892ರಲ್ಲಿ ಐವತ್ತರ ಹತ್ತಿರದ ವಯಸ್ಸಿನಲ್ಲಿ, ಕ್ಯಾಮೆರಾ ಹೊತ್ತು, ಒಂಟೆಯ ಮೇಲೆ ಮರುಭೂಮಿ ದಾಟಿ ಮಠಕ್ಕೆ ಬಂದರು. ಅಲ್ಲಿ ಅಗ್ನೆಸ್ ಪಶ್ಚಿಮ ಏಷ್ಯಾದ ಹಳೆಯ ಭಾಷೆಯಾದ ಸಿರಿಯಾಕಿನ ಒಂದು ಪ್ರತಿಯನ್ನು ಬಿಡಿಸಿ ನೋಡಿದಾಗ, ಮೇಲಿನ ಬರಹದ ಸಂದಿಯಲ್ಲಿ ಮಾಸಿದ ಇನ್ನೊಂದು ಬರಹ ಕಾಣಿಸಿತು. ಹಳೆಯ ಬರಹವನ್ನು ಕೆರೆದು ಅದೇ ತೊಗಲಿನ ಮೇಲೆ ಮತ್ತೆ ಬರೆದ ಪ್ರತಿ ಅದು. ಕೆಳಗಿದ್ದದ್ದು ಸುವಾರ್ತೆಗಳ ಬಹು ಪುರಾತನ ಸಿರಿಯಾಕ್ ಅನುವಾದ. ಅಲ್ಲಿಯೂ ಮಾರ್ಕ ಮುಗಿಯುವುದು ಎಂಟನೆಯ ವಚನಕ್ಕೆ. ಶತಮಾನಗಳ ಬಳಿಕ ಅದರ ಮೇಲೆ ಬರೆದದ್ದೇನೆಂದರೆ ಸಂತ ಸ್ತ್ರೀಯರ ಚರಿತ್ರೆಗಳು. ಸಮಾಧಿಯಿಂದ ಓಡಿಹೋಗಿ ಬಾಯಿ ಬಿಡದೆ ಉಳಿದ ಮೂವರು ಹೆಂಗಸರ ಮೇಲೆ ಧೀರ ಸ್ತ್ರೀಯರ ಕಥೆಗಳು, ಅವುಗಳ ಅಡಿಯಿಂದ ಆ ಮೂವರನ್ನು ಮತ್ತೆ ಹೊರತೆಗೆದ ಇಬ್ಬರು ಸೋದರಿಯರು. ಕಾದಂಬರಿಕಾರ ಬರೆದರೆ ಅತಿಯಾಯಿತೆನ್ನುತ್ತೇವೆ. ಇತಿಹಾಸಕ್ಕೆ ಆ ಸಂಕೋಚವಿಲ್ಲ.

ಇನ್ನು ಆ ಹನ್ನೆರಡು ವಚನಗಳು. ಸಂಖ್ಯೆಯ ಬಲವನ್ನೇ ಎಣಿಸುವುದಾದರೆ ಅವುಗಳ ಪಕ್ಷವೇ ಗೆಲ್ಲುತ್ತದೆ: ಸಾವಿರಕ್ಕೂ ಮಿಕ್ಕಿದ ಗ್ರೀಕ್ ಪ್ರತಿಗಳಲ್ಲಿ ಅವು ಇವೆ. ಪ್ರಾಚೀನತೆಯಲ್ಲಿಯೂ ಅವು ಕಡಿಮೆಯಲ್ಲ. 2ನೇ ಶತಮಾನದ ಕೊನೆಯ ಭಾಗದಲ್ಲಿ ಐರೇನಿಯಸ್ ಎಂಬ ಬಿಷಪ್ ಹತ್ತೊಂಬತ್ತನೆಯ ವಚನವನ್ನು ಮಾರ್ಕನ ಪುಸ್ತಕದ ಕೊನೆಯೆಂದೇ ಉದ್ಧರಿಸುತ್ತಾನೆ. ಎಂದರೆ ಈ ಅಧ್ಯಾಯವನ್ನು ಹೊತ್ತ, ಇಂದು ನಮಗೆ ಸಿಕ್ಕಿರುವ ಯಾವ ಪ್ರತಿಗಿಂತಲೂ ಈ ಸೇರ್ಪಡೆ ಹಳೆಯದು. ಆದರೆ 4ನೇ ಶತಮಾನದ ಚರ್ಚಿನ ಇತಿಹಾಸಕಾರ ಯೂಸೇಬಿಯಸ್, ನಿಖರವಾದ ಪ್ರತಿಗಳಲ್ಲಿ ಮಾರ್ಕನು "ಅವರು ಹೆದರಿದ್ದರು" ಎಂಬಲ್ಲಿಗೆ ಮುಗಿಯುತ್ತಾನೆಂದು ಸ್ಪಷ್ಟವಾಗಿ ಬರೆದ. ಬೈಬಲನ್ನು ಲ್ಯಾಟಿನಿಗೆ ತಂದ ಜೆರೋಮನೂ ಅದನ್ನೇ ಹೇಳಿದ. ಹೇಳಿಯೂ ತನ್ನ ಲ್ಯಾಟಿನ್ ಬೈಬಲಿನಲ್ಲಿ ಆ ವಚನಗಳನ್ನು ಉಳಿಸಿಕೊಂಡ. ವಿದ್ವಾಂಸನಾಗಿ ಒಂದು ಮಾತು, ಸಭೆಯ ಸೇವಕನಾಗಿ ಇನ್ನೊಂದು ನಡೆ. ಇದನ್ನು ನಾನು ಕಪಟವೆನ್ನುವುದಿಲ್ಲ. ಜನರು ಪಾರಾಯಣ ಮಾಡುವ ಪದ್ಯವನ್ನು ಪ್ರಕ್ಷಿಪ್ತವೆಂದು ಅನುಬಂಧಕ್ಕೆ ತಳ್ಳಿ ಬೈಗುಳ ತಿಂದ ನಮ್ಮ ಸಂಪಾದಕರನ್ನು ಕೇಳಿ.

ಪ್ರತಿಗಳ ಸಾಕ್ಷ್ಯವನ್ನು ಬದಿಗಿಟ್ಟರೂ ಆ ವಚನಗಳ ಮೈಯೇ ಬೇರೆಯಾಗಿದೆ. ಒಂಬತ್ತನೆಯ ವಚನ ಹೊಸದಾಗಿ ಕಥೆ ಆರಂಭಿಸುವವರ ಹಾಗೆ ಮಗ್ದಲದ ಮರಿಯಳನ್ನು "ಯಾರೊಳಗಿಂದ ಏಳು ದೆವ್ವಗಳನ್ನು ಬಿಡಿಸಿದ್ದನೋ ಆಕೆ" ಎಂದು ಪರಿಚಯ ಮಾಡಿಕೊಡುತ್ತದೆ. ಆಕೆಯಾದರೋ ಶಿಲುಬೆಯ ಬಳಿ, ಸಮಾಧಿ ಮಾಡುವಾಗ, ಮತ್ತೆ ಆ ಮುಂಜಾನೆ, ಹೀಗೆ ಆಗಲೇ ಮೂರು ಸಲ ನಮ್ಮ ಕಣ್ಣ ಮುಂದೆ ಬಂದವಳು. ಅವಳ ಜೊತೆಗಿದ್ದ ಇಬ್ಬರು ಎಲ್ಲಿ ಹೋದರೆಂಬ ಸುಳಿವಿಲ್ಲ. ವಾರದ ಮೊದಲ ದಿನವನ್ನು ಎರಡನೆಯ ವಚನ ಒಂದು ಬಗೆಯ ಗ್ರೀಕ್ ನುಡಿಗಟ್ಟಿನಲ್ಲಿ ಹೇಳಿದರೆ ಒಂಬತ್ತನೆಯದು ಇನ್ನೊಂದರಲ್ಲಿ ಹೇಳುತ್ತದೆ. ಕನ್ನಡದಲ್ಲಿ ಎರಡೂ "ವಾರದ ಮೊದಲನೆಯ ದಿನ"ವೇ ಆಗಿ ಆ ಹೊಲಿಗೆ ಕಾಣದಂತಾಗುತ್ತದೆ. ಮಾರ್ಕ ಪುಸ್ತಕದುದ್ದಕ್ಕೂ ಬಳಸದ ಪದಗಳು ಇಲ್ಲಿ ಸಾಲಾಗಿ ಬರುತ್ತವೆ. ಎಲ್ಲಕ್ಕಿಂತ ದೊಡ್ಡ ತೊಡಕು, ಯೇಸು ತನ್ನ ಬೋಧನೆ ಆರಂಭಿಸಿದ ಸೀಮೆಯಾದ ಗಲಿಲಾಯದ್ದು. "ಅಲ್ಲಿ ಆತನನ್ನು ಕಾಣುವಿರಿ" ಎಂದು ಏಳನೆಯ ವಚನದಲ್ಲಿ ಮಾತು ಕೊಟ್ಟಾಗಿದೆ. ಮುಂದಿನ ಹನ್ನೆರಡು ವಚನಗಳಲ್ಲಿ ಗಲಿಲಾಯದ ಹೆಸರೇ ಇಲ್ಲ. ತನ್ನ ಕಥೆಯ ಕೊನೆಯ ಮಾತನ್ನು ತಾನೇ ಮರೆತ ಕಥೆಗಾರನನ್ನು ನಾನು ನೋಡಿಲ್ಲ. ಎದ್ದ ಯೇಸು ಇಬ್ಬರ ಜೊತೆ ನಡೆದ ಲೂಕನ ಎಮ್ಮಾವು ದಾರಿಯ ಕಥೆಯನ್ನೂ ಮರಿಯಳಿಗೆ ಕಾಣಿಸಿಕೊಂಡ ಯೋಹಾನನ ಸುವಾರ್ತೆಯ ತೋಟದ ದೃಶ್ಯವನ್ನೂ ಬಲ್ಲ ಯಾರೋ ಅವುಗಳ ಸಾರವನ್ನು ಹಿಂಡಿ ಇಲ್ಲಿ ಇಟ್ಟಿದ್ದಾರೆಂದೇ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಈ ಭಾಗದಲ್ಲಿಯೇ ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಕೇಡಾಗದು ಎಂಬ ಹದಿನೆಂಟನೆಯ ವಚನವಿದೆ. ಅದನ್ನು ಅಕ್ಷರಶಃ ನಂಬಿ ಅಮೆರಿಕದ ಅಪಲೇಷಿಯ ಬೆಟ್ಟಗಳ ಕೆಲವು ಸಭೆಗಳಲ್ಲಿ ಆರಾಧನೆಯ ನಡುವೆ ವಿಷದ ಹಾವುಗಳನ್ನು ಕೈಯಲ್ಲಿ ಹಿಡಿಯುವ ಪದ್ಧತಿ ಬೆಳೆಯಿತು. ಆ ಪದ್ಧತಿಯ ಮುಂದಾಳುಗಳಲ್ಲಿ ಒಬ್ಬನಾದ ಜಾರ್ಜ್ ಹೆನ್ಸ್‌ಲಿ 1955ರಲ್ಲಿ ಹಾವು ಕಚ್ಚಿಯೇ ಸತ್ತ. ಪಾಠಾಂತರವೆಂದರೆ ಪಂಡಿತರ ಹರಟೆ ಎಂದು ಮೂಗು ಮುರಿಯುವವರಿಗೆ ನಾನು ಈ ಉದಾಹರಣೆಯನ್ನು ಕೊಡುತ್ತಿದ್ದೆ.

ನಿಂತ ಕಾವ್ಯವನ್ನು ಮುಂದುವರಿಸುವುದು ನಮಗೆ ಹೊಸದಲ್ಲ. ಕುಮಾರವ್ಯಾಸ ಗದಾಪರ್ವದವರೆಗೆ ಹತ್ತು ಪರ್ವಗಳನ್ನು ಬರೆದು ನಿಂತ. ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಪೂರೈಸಿದ. ಬಾಣನ ಕಾದಂಬರಿಯನ್ನು ಅವನ ಮಗ ಮುಗಿಸಿದ. ಆದರೆ ತಿಮ್ಮಣ್ಣ ತನ್ನ ಹೆಸರಿಟ್ಟು ಬರೆದ. ಬಾಣನ ಮಗ ತಾನು ತಂದೆಯ ಕೆಲಸವನ್ನು ಪೂರೈಸುತ್ತಿದ್ದೇನೆಂದು ಹೇಳಿಕೊಂಡ. ಮಾರ್ಕನನ್ನು ಮುಂದುವರಿಸಿದವನು ಹೆಸರು ಹೇಳಲಿಲ್ಲ. ಕ್ರಿ.ಶ. 989ರ ಒಂದು ಅರ್ಮೇನಿಯನ್ ಪ್ರತಿಯಲ್ಲಿ ಈ ಭಾಗದ ಬಳಿ "ಹಿರಿಯನಾದ ಅರಿಸ್ಟೋನನದು" ಎಂದು ಯಾರೋ ಬರೆದಿಟ್ಟಿದ್ದಾರೆ. ಅಷ್ಟು ತಡವಾದ ಒಂದು ಗುರುತಿನ ಮೇಲೆ ಭಾರ ಹಾಕುವುದು ವಿವೇಕವಲ್ಲ.

ಮುಂದುವರಿಸಿದವನು ಒಬ್ಬನೇ ಅಲ್ಲ ಎಂಬುದೂ ಗಮನಿಸತಕ್ಕದ್ದು. ಇನ್ನೊಂದು ಚಿಕ್ಕ ಮುಕ್ತಾಯವಿದೆ: ಹೆಂಗಸರು ಪೇತ್ರನ ಜೊತೆಯವರಿಗೆ ಎಲ್ಲವನ್ನೂ ಸಂಕ್ಷೇಪವಾಗಿ ತಿಳಿಸಿದರು, ಆಮೇಲೆ ಯೇಸು ತಾನೇ ಅವರ ಮೂಲಕ ನಿತ್ಯರಕ್ಷಣೆಯ ಘೋಷಣೆಯನ್ನು ಮೂಡಲಿಂದ ಪಡುವಲವರೆಗೆ ಕಳುಹಿಸಿದ ಎಂದು. ಟೂರಿನ್ ನಗರದಲ್ಲಿರುವ ಬೊಬ್ಬಿಯೋ ಪ್ರತಿ ಎಂಬ ಹಳೆಯ ಲ್ಯಾಟಿನ್ ಪ್ರತಿಯಲ್ಲಿ ಇದೊಂದೇ ಮುಕ್ತಾಯ. ಅದರ ಲಿಪಿಕಾರನ, ಅಥವಾ ಅವನ ಮುಂದಿದ್ದ ಪ್ರತಿಯ, ಜಾಣತನ ನೋಡಿ: "ಯಾರಿಗೂ ಏನೂ ಹೇಳಲಿಲ್ಲ" ಎಂದ ಬೆನ್ನಿಗೇ "ಎಲ್ಲವನ್ನೂ ತಿಳಿಸಿದರು" ಎಂದರೆ ಹೊಂದುವುದಿಲ್ಲವೆಂದು ಎಂಟನೆಯ ವಚನದಿಂದ ಆ ಮಾತನ್ನೇ ಕಳಚಲಾಗಿದೆ. ಬೇರೆ ಕೆಲವು ಪ್ರತಿಗಳು ಚಿಕ್ಕದನ್ನೂ ದೊಡ್ಡದನ್ನೂ ಒಂದರ ಕೆಳಗೊಂದು ಕೊಡುತ್ತವೆ, ಬೇಕಾದದ್ದನ್ನು ಆರಿಸಿಕೊಳ್ಳಿ ಎಂಬಂತೆ. ಒಂದು ಪುಸ್ತಕಕ್ಕೆ ಇಷ್ಟು ಕೊನೆಗಳು ಹುಟ್ಟಿಕೊಂಡಿವೆಯೆಂದರೆ ಹುಟ್ಟಿಸಿದವರೆಲ್ಲರ ಮುಂದೆ ಕೊನೆಯಿಲ್ಲದ ಪುಸ್ತಕವೇ ಇದ್ದಿರಬೇಕು.

ಹಾಗಾದರೆ ಮಾರ್ಕ ಅಲ್ಲಿಗೇ ನಿಲ್ಲಿಸಿದನೇ, ಅಥವಾ ಕೊನೆಯ ಹಾಳೆ ಹರಿದುಹೋಯಿತೇ? ಇಲ್ಲಿ ಜಗಳ ಇನ್ನೂ ಮುಗಿದಿಲ್ಲ. ಹಾಳೆ ಕಳೆದುಹೋಯಿತೆನ್ನುವವರು ಸಾಮಾನ್ಯರಲ್ಲ, ದೊಡ್ಡ ದೊಡ್ಡ ವಿದ್ವಾಂಸರು; ಅವರ ಕೈಯಲ್ಲಿದ್ದ ಬಲವಾದ ಅಸ್ತ್ರ ವ್ಯಾಕರಣದ್ದು. ಗ್ರೀಕಿನಲ್ಲಿ ಎಂಟನೆಯ ವಚನದ ಕೊನೆಯ ಎರಡು ಪದಗಳು "ಎಫೊಬೂಂಟೊ ಗಾರ್." ಮೊದಲನೆಯದಕ್ಕೆ "ಹೆದರಿದ್ದರು" ಎಂದರ್ಥ. ಎರಡನೆಯದು ಒಂದು ಪುಟ್ಟ ಅವ್ಯಯ. ಹಿಂದೆ ಹೇಳಿದ್ದಕ್ಕೆ ಕಾರಣ ಕೊಡುವಾಗ ಬರುತ್ತದೆ, ಆದರೆ ವಾಕ್ಯದ ತಲೆಯಲ್ಲಿ ಎಂದೂ ಕೂರದೆ ಒಂದು ಪದದ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಇಂಥ ಅವ್ಯಯದ ಮೇಲೆ ಒಂದು ಇಡೀ ಪುಸ್ತಕವನ್ನು ಯಾರಾದರೂ ಮುಗಿಸಿಯಾರೇ ಎಂಬುದು ಅವರ ಪ್ರಶ್ನೆ. 1972ರಲ್ಲಿ ಡಚ್ ವಿದ್ವಾಂಸ ಪೀಟರ್ ವಾನ್ ಡರ್ ಹಾರ್ಸ್ಟ್ ಇದಕ್ಕೆ ಉತ್ತರ ಕೊಟ್ಟರು: ತತ್ತ್ವಜ್ಞಾನಿ ಪ್ಲೊಟೈನಸನ ಒಂದು ಪ್ರಬಂಧ "ಗಾರ್" ಎಂಬ ಪದದಿಂದಲೇ ಮುಗಿಯುತ್ತದೆ. ವಾಕ್ಯ ಹಾಗೆ ಮುಗಿಯಬಹುದಾದರೆ ಪುಸ್ತಕವೂ ಮುಗಿಯಬಹುದು. ಅಸ್ತ್ರ ಮೊಂಡಾಯಿತು, ಆದರೆ ಪೂರ್ತಿ ಮುರಿಯಲಿಲ್ಲ. ಪ್ರಬಂಧವೇ ಬೇರೆ, ಕಥನವೇ ಬೇರೆ ಎಂದು ವಾದಿಸುವವರು ಇಂದಿಗೂ ಇದ್ದಾರೆ.

ನನಗೆ ಹೆಚ್ಚು ಮನವರಿಕೆಯಾದದ್ದು ಬೇರೆಡೆಯ ಎರಡು ವಾಕ್ಯಗಳು. ಮಾರ್ಕನ ಓದುಗರಿಗೆ ಪರಿಚಿತವಾಗಿದ್ದ ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ, ಮುಪ್ಪಿನಲ್ಲಿ ಮಗು ಹುಟ್ಟುವುದೆಂಬ ಮಾತು ಕೇಳಿ ಗುಡಾರದೊಳಗೆ ನಕ್ಕ ಸಾರಳು, ನಾನು ನಗಲಿಲ್ಲ ಎಂದು ಸುಳ್ಳು ಹೇಳುತ್ತಾಳೆ, ಅದರ ಹಿಂದೆಯೇ ಎರಡು ಪದ, "ಹೆದರಿದಳು" ಮತ್ತು "ಗಾರ್." ಐಗುಪ್ತದಲ್ಲಿ ಯೋಸೇಫ "ನಾನೇ ಯೋಸೇಫ" ಎಂದು ಗುಟ್ಟು ಬಿಚ್ಚಿದಾಗ ಅವನನ್ನು ಮಾರಿದ್ದ ಅಣ್ಣಂದಿರು ಉತ್ತರ ಕೊಡಲಾರದೆ ಹೋಗುತ್ತಾರೆ; ಅಲ್ಲಿಯೂ ಕೊನೆಗೆ ಎರಡು ಪದ, "ತಬ್ಬಿಬ್ಬಾದರು" ಮತ್ತು "ಗಾರ್." ಮೂರೂ ಕಡೆ ಸತ್ತುಹೋಯಿತೆಂದುಕೊಂಡದ್ದು ಬದುಕಿ ಎದುರಿಗೆ ನಿಂತಿದೆ: ಒಂದೆಡೆ ಬತ್ತಿದ ಗರ್ಭ, ಒಂದೆಡೆ ಕಳೆದುಹೋದ ತಮ್ಮ, ಇನ್ನೊಂದೆಡೆ ಸಮಾಧಿಯಲ್ಲಿಟ್ಟು ಬಂದ ಗುರು. ಮೂರೂ ಕಡೆ ಮನುಷ್ಯರ ಮಾತು ನಿಂತುಹೋಗುತ್ತದೆ, ವಾಕ್ಯವೂ ಒಂದೇ ರೀತಿಯಲ್ಲಿ ಕಡಿದುಬೀಳುತ್ತದೆ. ಮಾರ್ಕ ಇದನ್ನು ಬೇಕೆಂದೇ ಮಾಡಿದನೆಂದು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆ ಲಯ ಅವನ ಕಿವಿಯಲ್ಲಿ ಇದ್ದಿರಲಾರದೆಂದು ಹೇಳುವುದು ಇನ್ನೂ ಕಷ್ಟ.

ಹೊರಗಿನ ಸಾಕ್ಷ್ಯ ಇಷ್ಟಕ್ಕೆ ಸಾಕು. ಪುಸ್ತಕದ ಒಳಗೇ ಹೋದರೆ ಈ ಕೊನೆ ಆಕಸ್ಮಿಕವಲ್ಲವೆಂಬ ನನ್ನ ಭಾವನೆ ಗಟ್ಟಿಯಾಗುತ್ತದೆ. ಮಾರ್ಕನ ಯೇಸು ವಿಚಿತ್ರ ಮನುಷ್ಯ. ಅದ್ಭುತ ಮಾಡಿ ಸುದ್ದಿ ಮಾಡಬೇಡಿ ಎನ್ನುತ್ತಾನೆ. ದೆವ್ವಗಳಿಗೆ ಬಾಯಿ ಮುಚ್ಚಲು ಹೇಳುತ್ತಾನೆ, ವಾಸಿಯಾದವರಿಗೆ ಹೇಳಬೇಡಿರೆಂದು ಕಟ್ಟಪ್ಪಣೆ ಮಾಡುತ್ತಾನೆ, ಶಿಷ್ಯರಿಗೂ ತಾನು ಯಾರೆಂಬುದನ್ನು ಹೊರಗೆ ಆಡಬಾರದೆನ್ನುತ್ತಾನೆ. ಈ ಗುಟ್ಟನ್ನು ಹಿಡಿದು 1901ರಲ್ಲಿ ವಿಲಿಯಂ ವ್ರೇಡ ಎಂಬ ಜರ್ಮನ್ ವಿದ್ವಾಂಸ ಒಂದು ಪುಸ್ತಕವನ್ನೇ ಬರೆದ. ಅದು ಯೇಸುವಿನ ಬದುಕಿನ ನೆನಪಲ್ಲ, ಮಾರ್ಕನೂ ಅವನ ಹಿಂದಿನ ಸಭೆಯೂ ಕಟ್ಟಿದ ವಿಚಾರ ಎಂಬುದು ಅವನ ವಾದ. ಆ ವಾದದ ಬಗ್ಗೆ ಇಂದು ನೂರೆಂಟು ತಿದ್ದುಪಡಿಗಳಿವೆ, ಅವು ಇಲ್ಲಿ ಬೇಡ. ನಾನು ಹೇಳಹೊರಟದ್ದು ಒಂದು ಸಣ್ಣ ಪದಜೋಡಿಯನ್ನು. ಮೊದಲ ಅಧ್ಯಾಯದಲ್ಲಿ ಯೇಸು ಒಬ್ಬ ಕುಷ್ಠರೋಗಿಯನ್ನು ವಾಸಿಮಾಡಿ, ಯಾರಿಗೂ ಏನೂ ಹೇಳಬೇಡ ಎನ್ನುತ್ತಾನೆ: "ಮೇದೆನಿ ಮೇದೆನ್." ಅವನು ಹೋಗಿ ಊರೆಲ್ಲ ಸಾರುತ್ತಾನೆ, ಎಷ್ಟೆಂದರೆ ಯೇಸು ಊರೊಳಗೆ ಬಹಿರಂಗವಾಗಿ ಕಾಲಿಡಲಾಗದಷ್ಟು. ಕೊನೆಯ ಅಧ್ಯಾಯದಲ್ಲಿ ಹೆಂಗಸರಿಗೆ ಹೋಗಿ ಹೇಳಿ ಎಂದು ಅಪ್ಪಣೆಯಾಗುತ್ತದೆ. ಅವರು ಯಾರಿಗೂ ಏನೂ ಹೇಳುವುದಿಲ್ಲ: "ಊದೆನಿ ಊದೆನ್." ಒಂದು ನಿಷೇಧದ ರೂಪ, ಇನ್ನೊಂದು ನಡೆದುದರ ರೂಪ; ಪದಗಳ ಜೋಡಣೆ ಒಂದೇ. ಹೇಳಬೇಡವೆಂದಾಗ ಹೇಳಿದರು, ಹೇಳಿರೆಂದಾಗ ಹೇಳಲಿಲ್ಲ. ಪುಸ್ತಕದ ಎರಡು ತುದಿಗಳಲ್ಲಿ ಹೀಗೆ ಎದುರುಬದುರಾಗಿ ನಿಂತ ಎರಡು ವಾಕ್ಯಗಳನ್ನು, ನಡುವೆ ಹಾಳೆ ಹರಿದು ಆದ ಯೋಗಾಯೋಗವೆಂದು ನಂಬಲು ನನ್ನ ಮನಸ್ಸು ಒಪ್ಪದು. ಗ್ರೀಕಿನ ಈ ಜೋಡು ನಿಷೇಧವನ್ನು ಕನ್ನಡದ "ಯಾರಿಗೂ ಏನೂ" ಎಷ್ಟು ಸಲೀಸಾಗಿ ಹೊರುತ್ತದೆಂಬುದನ್ನು ನೋಡಿ ಸಂತೋಷವೂ ಆಯಿತು.

ಹೆದರಿಕೆಯೂ ಹಾಗೆಯೇ ಪುಸ್ತಕದುದ್ದಕ್ಕೂ ಹರಿದು ಬಂದದ್ದು. ಬಿರುಗಾಳಿ ನಿಂತ ಮೇಲೆ ಶಿಷ್ಯರು ಹೆದರುತ್ತಾರೆ, ಗಾಳಿ ಬೀಸುವಾಗಿನದಕ್ಕಿಂತ ಹೆಚ್ಚಾಗಿ. ತಾನು ಸಾಯಬೇಕೆಂದು ಯೇಸು ಹೇಳಿದಾಗ ಅರ್ಥವಾಗುವುದಿಲ್ಲ, ಕೇಳಲು ಹೆದರುತ್ತಾರೆ. ಯೆರೂಸಲೇಮಿನ ದಾರಿಯಲ್ಲಿ ಅವನು ಮುಂದೆ ನಡೆಯುತ್ತಿರುವಾಗ ಹಿಂದೆ ಬರುವವರು ಹೆದರಿರುತ್ತಾರೆ. ಬಂಧನದ ರಾತ್ರಿ ಎಲ್ಲರೂ ಬಿಟ್ಟು ಓಡುತ್ತಾರೆ. ನಾರುಬಟ್ಟೆಯೊಂದನ್ನು ಹೊದ್ದಿದ್ದ ಯಾವನೋ ಯುವಕ, ಹಿಡಿದವರ ಕೈಯಲ್ಲಿ ಬಟ್ಟೆಯನ್ನೇ ಬಿಟ್ಟು ಬೆತ್ತಲೆಯಾಗಿ ಓಡುತ್ತಾನೆ. (ಸಮಾಧಿಯಲ್ಲಿ ಬಿಳಿಯ ಅಂಗಿ ತೊಟ್ಟು ಕುಳಿತವನಿಗೂ ಮಾರ್ಕ ಇದೇ "ಯುವಕ" ಎಂಬ ಪದವನ್ನೇ ಬಳಸುತ್ತಾನೆ. ಇದರ ಮೇಲೆ ಬರೆದ ಊಹೆಗಳನ್ನು ಓದುತ್ತ ಕುಳಿತರೆ ಒಂದು ಬೇಸಿಗೆ ರಜೆ ಸಾಲದು.) ಪೇತ್ರ ಯೇಸುವನ್ನು ಅರಿಯೆನೆಂದು ಮೂರು ಸಲ ಅಲ್ಲಗಳೆದು ಅಳುತ್ತಾನೆ. ಗಂಡಸರೆಲ್ಲ ಹೀಗೆ ಉದುರಿಹೋದ ಮೇಲೆ ಶಿಲುಬೆಯನ್ನು ದೂರದಿಂದ ನೋಡುತ್ತ ನಿಂತವರು ಈ ಹೆಂಗಸರು. ಗಲಿಲಾಯದಿಂದಲೂ ಅವರು ಹಿಂಬಾಲಿಸಿ ಬಂದು ಸೇವೆ ಮಾಡಿದ್ದರೆಂಬ ಸಂಗತಿಯನ್ನು ಮಾರ್ಕ ಅಲ್ಲಿಯವರೆಗೆ ಬಚ್ಚಿಟ್ಟು ಆಗ ಹೇಳುತ್ತಾನೆ. ಓದುಗನಿಗೆ ಉಳಿದ ಆಸೆಯೆಂದರೆ ಇವರು ಮಾತ್ರ. ಕೊನೆಗೆ ಅವರೂ ಓಡುತ್ತಾರೆ. ಬಂಧನ ನಡೆದ ಗೆತ್ಸೇಮನೆಯಲ್ಲಿ ಶಿಷ್ಯರ ಓಟಕ್ಕೆ ಬಳಸಿದ ಕ್ರಿಯಾಪದವೇ ಇಲ್ಲಿಯೂ ಬಂದಿದೆ.

ಹೀಗೆ ಓದಿದರೆ ಹೆಂಗಸರನ್ನು ಹಳಿದಂತಾಯಿತು ಎಂದು ಒಬ್ಬ ಹಳೆಯ ವಿದ್ಯಾರ್ಥಿನಿ ನನ್ನ ಮೇಲೆ ಸಿಟ್ಟಾಗಿದ್ದಳು. ಅವಳ ಮಾತಿನಲ್ಲಿ ತೂಕವಿದೆ. ಆದರೆ "ನಡುಕ ಮತ್ತು ದಿಗ್ಭ್ರಮೆ" ಎಂಬಲ್ಲಿನ ಎರಡನೆಯ ಗ್ರೀಕ್ ಪದ "ಎಕ್‌ಸ್ತಾಸಿಸ್". ಮನುಷ್ಯ ತನ್ನಿಂದ ತಾನು ಹೊರಗೆ ನಿಲ್ಲುವಂಥ ಬೆರಗು ಅದು. ಸತ್ತ ಹುಡುಗಿಯನ್ನು ಯೇಸು ಕೈಹಿಡಿದು ಎಬ್ಬಿಸಿದಾಗ ಅಲ್ಲಿದ್ದವರಿಗೆ ಆದದ್ದೂ ಇದೇ ಪದದ ಬೆರಗು. ಪುಕ್ಕಲುತನಕ್ಕೆ ಈ ಪದ ಸಲ್ಲುವುದಿಲ್ಲ. ವಿಶ್ವರೂಪವನ್ನು ಕಂಡ ಅರ್ಜುನನನ್ನು ನಾವು ಹೇಡಿ ಎನ್ನುತ್ತೇವೆಯೇ?

ಈ ವಾಕ್ಯದ ಮೊದಲ ಓದುಗರು ನಮಗೆ ಗೊತ್ತಿದ್ದಾರೆ: ಮತ್ತಾಯ ಮತ್ತು ಲೂಕ. ನಾಲ್ಕು ಸುವಾರ್ತೆಗಳಲ್ಲಿ ಮಾರ್ಕನದೇ ಮೊದಲನೆಯದು, ಸುಮಾರು ಕ್ರಿ.ಶ. 70ರ ಆಸುಪಾಸಿನದು, ಉಳಿದಿಬ್ಬರು ಅದನ್ನು ಮುಂದಿಟ್ಟುಕೊಂಡು ಬರೆದರು ಎಂಬುದು 19ನೇ ಶತಮಾನದಿಂದ ಈಚೆಗೆ ಬಹುಮಟ್ಟಿಗೆ ಒಪ್ಪಿತವಾದ 'ಮಾರ್ಕ ಮೊದಲು' ಎಂಬ ಸಿದ್ಧಾಂತ. ಮಾರ್ಕನ ಸುಮಾರು 660 ವಚನಗಳಲ್ಲಿ 600ರಷ್ಟರ ಸಾರ ಮತ್ತಾಯನಲ್ಲಿ ಕಾಣುತ್ತದೆ. ಹೀಗಿರುವಾಗ ಮತ್ತಾಯ ಎಲ್ಲಿ ತಿದ್ದಿದ ಎಂಬುದೇ ಒಂದು ಸಾಕ್ಷ್ಯ. ಅವನು ಎಂಟನೆಯ ವಚನವನ್ನು ತೆಗೆದುಕೊಂಡು, ಹೆಂಗಸರು "ಭಯದಿಂದಲೂ ಮಹಾಸಂತೋಷದಿಂದಲೂ" ಶಿಷ್ಯರಿಗೆ ತಿಳಿಸಲು ಓಡಿದರು ಎಂದು ಬರೆಯುತ್ತಾನೆ. ಓಟ ಉಳಿಯಿತು, ದಿಕ್ಕು ಬದಲಾಯಿತು. ಲೂಕನಲ್ಲಿ ಅವರು ಹೋಗಿ ಹನ್ನೊಂದು ಮಂದಿಗೂ ಹೇಳುತ್ತಾರೆ. ಗಂಡಸರು ಅದನ್ನು ಹರಟೆಯೆಂದು ನಂಬುವುದಿಲ್ಲ. ಇನ್ನೊಂದು ಸಂಗತಿ ಇದೆ. ಎಂಟನೆಯ ವಚನದವರೆಗೆ ಒಂದೇ ದಾರಿಯಲ್ಲಿ ಬಂದ ಇವರಿಬ್ಬರೂ ಅಲ್ಲಿಂದಾಚೆಗೆ ಪೂರ್ತಿ ಬೇರೆ ಬೇರೆ ದಾರಿ ಹಿಡಿಯುತ್ತಾರೆ: ಒಬ್ಬ ಗಲಿಲಾಯದ ಬೆಟ್ಟಕ್ಕೆ, ಇನ್ನೊಬ್ಬ ಯೆರೂಸಲೇಮಿಗೆ. ಅವರ ಕೈಯಲ್ಲಿದ್ದ ಪ್ರತಿಯೂ ಇಲ್ಲಿಯೇ ನಿಂತಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಹಾಳೆ ಹರಿದಿದ್ದರೆ ಅವರಿಗಿಂತ ಮೊದಲೇ ಹರಿದಿರಬೇಕು.

ಯಾರಿಗೂ ಹೇಳದಿದ್ದರೆ ಸುದ್ದಿ ಹೇಗೆ ಹೊರಬಿತ್ತು ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಮಾರ್ಕನನ್ನು ಕೇಳಲು ಕುಳಿತವರಿಗೆ ಆ ಪ್ರಶ್ನೆ ಇರಲಿಲ್ಲ. ಅವರು ಓದಿದವರಲ್ಲ, ಗಮಕಿಯ ಮುಂದೆ ಕುಳಿತ ನಮ್ಮ ಹಿಂದಿನವರ ಹಾಗೆ ಕೇಳಿದವರು. ಕಥೆ ಗೊತ್ತಿದ್ದೇ ಬಂದವರು. ಮಾರ್ಕನಿಗಿಂತ ಹದಿನೈದು ಇಪ್ಪತ್ತು ವರ್ಷ ಮೊದಲೇ, ಆದಿಕಾಲದ ಕ್ರೈಸ್ತ ಪ್ರಚಾರಕನಾದ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಎದ್ದುಬಂದ ಯೇಸು ಯಾರು ಯಾರಿಗೆ ಕಾಣಿಸಿಕೊಂಡನೆಂಬ ಪಟ್ಟಿಯನ್ನೇ ಕೊಟ್ಟಿದ್ದಾನೆ. ಆ ಪಟ್ಟಿಯಲ್ಲಿ ಪೇತ್ರ ಇದ್ದಾನೆ, ಹನ್ನೆರಡು ಮಂದಿ ಇದ್ದಾರೆ, ಐನೂರಕ್ಕೂ ಹೆಚ್ಚು ಮಂದಿ ಇದ್ದಾರೆ. ಈ ಹೆಂಗಸರ ಹೆಸರಿಲ್ಲ. ಸುದ್ದಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದ ಸುದ್ದಿಯನ್ನು ಮತ್ತೆ ಹೇಳುವ ಬದಲು, ಅದನ್ನು ಮೊದಲು ಕೇಳಿದವರ ಮೊಣಕಾಲು ನಡುಗಿದ ಆ ಕ್ಷಣದಲ್ಲಿ ಮಾರ್ಕ ಕೇಳುಗರನ್ನು ನಿಲ್ಲಿಸಿ ಎದ್ದುಹೋದ. ಮುಂದಿನ ದೃಶ್ಯ ಗಲಿಲಾಯದಲ್ಲಿ. ಗಲಿಲಾಯವೋ ಪುಸ್ತಕದ ಮೊದಲ ಅಧ್ಯಾಯದಲ್ಲಿದೆ. ಅಲ್ಲಿಗೆ ಹೋಗಬೇಕಾದವನು ಪುಸ್ತಕವನ್ನು ಮೊದಲಿನಿಂದ ತೆರೆಯಬೇಕು. ಹೀಗೆ ಓದುವವರಲ್ಲಿ ನಾನು ಮೊದಲನೆಯವನಲ್ಲ. ಆದರೆ ಎಷ್ಟು ಸಲ ಓದಿದರೂ ಈ ಓದು ನನಗೆ ಹಳತಾಗಿಲ್ಲ.

ಉಳಿದದ್ದು ಕನ್ನಡದ ತೊಂದರೆ. ಸಹಜವಾದ ಕನ್ನಡದಲ್ಲಿ ಕಾರಣ ಮೊದಲು ಬರುತ್ತದೆ, ಕ್ರಿಯೆ ಕೊನೆಗೆ: "ಹೆದರಿದ್ದರಿಂದ ಯಾರಿಗೂ ಏನೂ ಹೇಳಲಿಲ್ಲ." ವ್ಯಾಕರಣಕ್ಕೆ ಇದು ಸರಿ, ಕಿವಿಗೂ ಹಿತ. ಆದರೆ ಹೆದರಿಕೆ ವಾಕ್ಯದ ನಡುವೆ ಹುದುಗಿಹೋಗಿ, ಗ್ರೀಕಿನ ಕಡಿದ ತುದಿ ನುಣುಪಾಗಿಬಿಡುತ್ತದೆ. "ಏಕೆಂದರೆ ಅವರು ಹೆದರಿದ್ದರು" ಎಂದು ಕೊನೆಗಿಟ್ಟರೆ ಕ್ರಮ ಉಳಿಯುತ್ತದೆ, ಆದರೆ "ಏಕೆಂದರೆ" ಎಂಬುದು ನ್ಯಾಯಾಲಯದಲ್ಲಿ ವಿವರಣೆ ಕೊಡುವ ದನಿ. "ಗಾರ್" ಅಷ್ಟು ಭಾರದ ಪದವಲ್ಲ. ಈ ಒಂದು ವಾಕ್ಯವನ್ನು ನಾನು ಹತ್ತಾರು ಬಗೆಯಲ್ಲಿ ಬರೆದು ಹೊಡೆದುಹಾಕಿದ್ದೇನೆ.

ಹಬ್ಬದ ಬೆಳಿಗ್ಗೆ ಸ್ನೇಹಿತರ ಮನೆಯಲ್ಲಿ ತಿಂಡಿಗೆ ಕುಳಿತಿದ್ದಾಗ, ರಾತ್ರಿ ಓದದೆ ಬಿಟ್ಟ ವಚನದ ಮಾತು ಬಂತು. ಅವರ ತಾಯಿಗೆ ಎಂಬತ್ತು ದಾಟಿದೆ. ಶಾಲೆಯ ಮುಖ ಕಂಡವರಲ್ಲ, ಆದರೆ ಸುವಾರ್ತೆಯ ಕಥೆಗಳೆಲ್ಲ ಬಾಯಲ್ಲಿವೆ. ಆ ಹೆಂಗಸರು ಸಮಾಧಿಯಿಂದ ಬಂದ ಮೇಲೆ ಏನು ಮಾಡಿದರಮ್ಮ ಎಂದು ಕೇಳಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ಅಪ್ಪ ಹಾಕುತ್ತ, ತಲೆ ಎತ್ತದೆಯೇ ಹೇಳಿದರು: "ಎಲ್ಲಿ ಮೇಷ್ಟ್ರೆ, ಓಡೋದ್ರು. ಯಾರ್ಗೂ ಏನೂ ಹೇಳ್ಲಿಲ್ಲ. ಹೆದ್ರ್ಕೊಂಡಿದ್ರಲ್ಲ."